ವತ್ಸಲಾ ಮಿಸ್ಸಿನ ದುಪ್ಪಟಿ

ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆ ಬಿಟ್ಟು ಒಳಕ್ಕೆ ತಿರುಗಿ, ಹಿಟ್ಟಿನ ಗಿರಣಿ ದಾಟಿದ ಮೇಲೆ ಯಾರನ್ನಾದರೂ ನಿಲ್ಲಿಸಿ ‘ವತ್ಸಲಾ ಮಿಸ್ ಮನೆ’ ಅಂತ ಕೇಳಿ ನೋಡಿ, ಗೇಟಿನ ತನಕ ಬಂದು ಬಿಟ್ಟು ಹೋಗುತ್ತಾರೆ. ಹಾಗಂತ ವತ್ಸಲಾ ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಆಕೆಗೆ ಅನ್ನ ಕೊಟ್ಟದ್ದು ಗಾರ್ಮೆಂಟ್ಸ್ ಫ್ಯಾಕ್ಟರಿ. ಹೊಲಿದು ಬಂದ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡಿ, ಹೊಲಿಗೆ ತಪ್ಪಿದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕಿಡುವ ಕೆಲಸ. ಮಿಸ್ ಅನ್ನಿಸಿಕೊಂಡದ್ದು ಭಾನುವಾರದ ಮಕ್ಕಳಿಂದ. ಬೆಳಿಗ್ಗೆ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ ಮುಗಿದು, ಮನೆಗೆ ಬಂದು ಊಟವಾದ ಮೇಲೆ, ಕೆಳಗಿನ ಕಾರ್ ಶೆಡ್ಡಿನಲ್ಲಿ ಚಾಪೆ ಹಾಸಿದರೆ ಅದೇ ಸಂಡೇ ಸ್ಕೂಲು. ಆ ಶೆಡ್ಡಿಗೆ ಇವತ್ತಿನವರೆಗೂ ಕಾರು ಬಂದಿಲ್ಲ, ಅದು ಬೇರೆ ಮಾತು.

ಮನೆ ವೆಂಕಟಲಕ್ಷ್ಮಮ್ಮನದು. ಸುಂಕದಕಟ್ಟೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೆ ಮಹಡಿ ಕಟ್ಟಿಸಿ, ತಾವು ಮೇಲೆ ಇದ್ದುಕೊಂಡು ಕೆಳಗಿನದನ್ನು ಬಾಡಿಗೆಗೆ ಬಿಟ್ಟಿದ್ದರು. ಗಂಡ ತೀರಿಕೊಂಡ ವರ್ಷ ವತ್ಸಲಾ ಬಾಡಿಗೆ ಮನೆ ಹುಡುಕಿ ಅಲೆದಾಗ, ಹೋದ ಕಡೆಯಲ್ಲೆಲ್ಲ ‘ನೀವು ಯಾವ ಜನ’ ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತಿತ್ತು. ವೆಂಕಟಲಕ್ಷ್ಮಮ್ಮ ಅವಳ ಕತ್ತಿನ ಶಿಲುಬೆಯನ್ನು ಒಂದು ಸಲ ನೋಡಿದರು, ಮುಖವನ್ನು ಒಂದು ಸಲ ನೋಡಿದರು.

“ನೀರು ಜಾಸ್ತಿ ಚೆಲ್ಲಬೇಡಿ. ಅಷ್ಟೇ ನಮ್ಮ ಕಂಡೀಷನ್ನು,” ಅಂದರು.

ಅಂದಿನಿಂದ ಮೇಲಿನವರಿಗೂ ಕೆಳಗಿನವಳಿಗೂ ಚೆನ್ನಾಗಿ ಹೊಂದಿಕೊಂಡಿತು. ಯುಗಾದಿಗೆ ಒಬ್ಬಟ್ಟು, ಗೌರಿಗೆ ಕಡುಬು, ಮೇಲಿನಿಂದ ತಟ್ಟೆ ಇಳಿದು ಬರುತ್ತಿತ್ತು. ವತ್ಸಲಾ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು, ನಗುತ್ತಿದ್ದಳು, ಬಾಗಿಲು ಹಾಕಿಕೊಂಡ ಮೇಲೆ ಅದನ್ನು ಮುಚ್ಚಿ ಕಸ ಗುಡಿಸುವ ಮುನಿತಾಯಮ್ಮನಿಗೆ ಅಂತ ಎತ್ತಿಡುತ್ತಿದ್ದಳು. ಬೇರೆ ದೇವರ ಮುಂದೆ ಎಡೆ ಇಟ್ಟದ್ದನ್ನು ಬಾಯಿಗೆ ಹಾಕಬಾರದು ಅನ್ನುವುದು ಅವಳ ತಾಯಿ ಹಾಕಿಕೊಟ್ಟ ಕಟ್ಟು. ತಟ್ಟೆ ತೊಳೆದು, ಬರಿದು ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕಳಿಸುತ್ತಿದ್ದಳು. ಇದರಲ್ಲಿ ತಪ್ಪೇನಾದರೂ ಇದೆ ಅಂತ ಅವಳಿಗೆ ಅನ್ನಿಸಿರಲಿಲ್ಲ.

ಈಗ ಆ ದುಪ್ಪಟಿಯ ವಿಷಯಕ್ಕೆ ಬರೋಣ.

ವತ್ಸಲಾ ಹೇಳುತ್ತಿದ್ದ ಕಥೆಗಳಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದದ್ದು ಬೈಬಲ್ಲಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಕೊರ್ನೇಲಿಯನ ಮನೆಗೆ ಹೋದ ಕಥೆ. ಅದಕ್ಕಾಗಿ ಅವಳು ಫ್ಯಾಕ್ಟರಿಯಲ್ಲಿ ಬಿಸಾಡುವ ಬಟ್ಟೆ ಚೂರುಗಳನ್ನು ತಂದು, ಒಂದು ಬಿಳಿ ದುಪ್ಪಟಿಯ ಮೇಲೆ ಪ್ರಾಣಿಗಳನ್ನು ಹೊಲಿದಿದ್ದಳು. ಹಂದಿಗೆ ಗುಲಾಬಿ ಬನಿಯನ್ ಬಟ್ಟೆ. ಕಾಗೆಗೆ ಕರೀ ಪ್ಯಾಂಟಿನ ಜೇಬು. ಹಲ್ಲಿ, ಏಡಿ, ಹಾವು. ಏಡಿಯ ಕಾಲುಗಳಿಗೆ ಷರ್ಟಿನ ಕಾಲರಿನೊಳಗೆ ಇಡುವ ಪ್ಲಾಸ್ಟಿಕ್ ಕಡ್ಡಿ. ನಾಲ್ಕು ಮೂಲೆಗೆ ನಾಲ್ಕು ಹಗ್ಗ. ಕಥೆ ಆ ಜಾಗಕ್ಕೆ ಬಂದಾಗ ದುಪ್ಪಟಿ ಮೇಲಿನ ಬಾಲ್ಕನಿಯಿಂದ ಮೆಲ್ಲಗೆ ಕೆಳಕ್ಕೆ ಇಳಿಯಬೇಕು.

ಬಾಲ್ಕನಿ ವೆಂಕಟಲಕ್ಷ್ಮಮ್ಮನದು. ಹಗ್ಗ ಹಿಡಿಯಲು ಬಂದವಳು ಅವರ ಮೊಮ್ಮಗಳು ರಮ್ಯಶ್ರೀ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅಜ್ಜಿಯ ಸೆರಗಲ್ಲೇ ಬೆಳೆದ ಹುಡುಗಿ. ಮೊದಮೊದಲು ಮೇಲೆ ನಿಂತು ಹಗ್ಗ ಬಿಡುತ್ತಿದ್ದಳು. ಆಮೇಲೆ ಹಗ್ಗವನ್ನು ಅಜ್ಜಿಯ ಕೈಗೆ ಕೊಟ್ಟು ತಾನು ಕೆಳಗೆ ಬಂದು ಚಾಪೆಯ ಮುಂದಿನ ಸಾಲಿನಲ್ಲಿ ಕೂರತೊಡಗಿದಳು.

“ಅವಳು ಬರೋದು ನಿಮಗೆ ಪರವಾಗಿಲ್ವಾ ಅಮ್ಮ?” ಎಂದು ವತ್ಸಲಾ ಒಂದು ದಿನ ಕೇಳಿದ್ದಳು.

“ಕಥೆ ತಾನೆ, ಕೇಳ್ಲಿ ಬಿಡಿ. ನಾನೂ ಮೇಲಿಂದ ಕೇಳ್ತಾನೇ ಇರ್ತೀನಿ. ನೀವು ಹಂದಿ ವಿಷಯ ಬಂದಾಗ ದನಿ ಏರಿಸ್ತೀರಿ, ನಿದ್ದೆ ಬಂದಿದ್ರೂ ಎಚ್ಚರ ಆಗೋಗುತ್ತೆ.”

ವತ್ಸಲಾ ಆ ಕಥೆಯನ್ನು ಹೀಗೆ ಹೇಳುತ್ತಿದ್ದಳು:

“ಯೇಸು ಹುಟ್ಟಿದ್ದು ಯೆಹೂದ್ಯರ ಮನೇಲಿ. ಶಿಷ್ಯರೂ ಅವರ ಪೈಕಿಯೇ. ಅವರಿಗೆ ಒಂದು ಮಡಿ ಇತ್ತು. ಹೊರಗಿನ ಜನದ ಮನೆಗೆ ಕಾಲಿಡಂಗಿಲ್ಲ, ಜೊತೇಲಿ ಕೂತು ಉಣ್ಣಂಗಿಲ್ಲ. ಯೇಸುವಿನ ಸುದ್ದಿ ನಮ್ಮೋರಿಗೆ ಮಾತ್ರ ಅಂತಾನೇ ಅಂದ್ಕೊಂಡಿದ್ರು. ಪೇತ್ರ ಅಂತ ಒಬ್ಬ ಇದ್ದ, ಮೀನು ಹಿಡಿಯೋನು. ಶಿಷ್ಯರಿಗೆಲ್ಲ ಅವನೇ ಹಿರಿಯ. ಅವನೂ ಹಂಗೇ ಅಂದ್ಕೊಂಡಿದ್ದ. ಒಂದ್ಸಲ ಸಮುದ್ರದ ಪಕ್ಕ ಚರ್ಮ ಹದ ಮಾಡೋನ ಮನೇಲಿ ಇಳ್ಕೊಂಡಿದ್ದ…”

ಇಲ್ಲಿ ಅವಳು ಸ್ವಲ್ಪ ನಿಲ್ಲುತ್ತಿದ್ದಳು. ಅವಳ ತಾತ ಮಾಗಡಿ ಕಡೆಯ ಹಳ್ಳಿಯಲ್ಲಿ ಅದೇ ಕೆಲಸ ಮಾಡುತ್ತಿದ್ದವನು. ಅವನಿಗೆ ನೀರು ಕೊಡುವವರು ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಒಂದು ದಿನ ಸೈಕಲ್ಲಿನಲ್ಲಿ ಬಂದ ಅಯ್ಯನೋರು, ಅಂದರೆ ಸಭೆಯ ಗುರುಗಳು, ಅವನ ಗುಡಿಸಲಿನ ಒಳಗೆ ಬಂದು ಚಾಪೆ ಮೇಲೆ ಕೂತು ಅಂಬಲಿ ಕೇಳಿ ಕುಡಿದರಂತೆ. ಪಾತ್ರೆ ತೊಳೆಯದೆ ಇನ್ನೊಂದು ಸಲ ಚಾಚಿದರಂತೆ. ತಾತ ಸಭೆಗೆ ಸೇರಿದ್ದು ಉಪದೇಶ ಕೇಳಿಯಲ್ಲ, ಆ ಎರಡನೇ ಸಲದ ಅಂಬಲಿಗೆ. ಇದನ್ನು ವತ್ಸಲಾ ಮಕ್ಕಳಿಗೆ ಹೇಳುತ್ತಿರಲಿಲ್ಲ. ಆದರೆ ಹೇಳದೇ ಹೋದದ್ದು ಅವಳ ದನಿಯಲ್ಲಿ ಇರುತ್ತಿತ್ತು.

“ಪೇತ್ರ ಮಧ್ಯಾಹ್ನ ಮಹಡಿ ಮೇಲೆ ಪ್ರಾರ್ಥನೆಗೆ ಹೋದ. ಕೆಳಗೆ ಅಡುಗೆ ಆಗ್ತಾ ಇದೆ, ಇವನಿಗೆ ಹೊಟ್ಟೆ ಚುರ್ ಅಂತಿದೆ. ಆಗ ಆಕಾಶ ಬಿಚ್ಕೊಳ್ತು!”

ಬಿಚ್ಚಿಕೊಳ್ಳುತ್ತಿತ್ತು. ಬಾಲ್ಕನಿಯಿಂದ ದುಪ್ಪಟಿ ಇಳಿಯುತ್ತಿತ್ತು. ಹಂದಿ ಕಂಡ ಕೂಡಲೇ ಮಕ್ಕಳು ಹೋ ಎನ್ನುತ್ತಿದ್ದರು. ಎದ್ದು ತಿನ್ನು ಅಂತ ಮೇಲಿನ ದನಿ ಹೇಳಿದ್ದು, ಛೀ ಮೈಲಿಗೆಯದು ಒಲ್ಲೆ ಅಂತ ಪೇತ್ರ ಅಂದದ್ದು, ದೇವರು ಶುದ್ಧ ಮಾಡಿದ್ದನ್ನು ಮೈಲಿಗೆ ಅನ್ನಲು ನೀನು ಯಾರು ಎಂದು ಆ ದನಿ ಕೇಳಿದ್ದು. ಅಷ್ಟರಲ್ಲಿ ಕೆಳಗೆ ಬಾಗಿಲು ತಟ್ಟಿದ ಸದ್ದು. ಪೇತ್ರನನ್ನು ಕರೆಯಲು ಬಂದ, ರೋಮಿನ ದಂಡಿನ ಸಾಹೇಬ ಕೊರ್ನೇಲಿಯನ ಆಳುಗಳು. ಬೇರೆ ಜನ, ಬೇರೆ ಸೀಮೆ. ಪೇತ್ರ ಹೋದ. ಹೊಸ್ತಿಲ ಹತ್ತಿರ ನಿಂತ.

“ಆ ಒಂದು ಹೆಜ್ಜೆ ಒಳಗಿಟ್ಟ ನೋಡ್ರೋ. ಇಡದೇ ಇದ್ದಿದ್ರೆ ಯೇಸುವಿನ ಸುದ್ದಿ ಅವರ ಕೇರಿ ದಾಟ್ತಾನೇ ಇರಲಿಲ್ಲ. ಗ್ರೀಸು, ರೋಮು, ಅಲ್ಲಿಂದ ಇಲ್ಲಿಗೆ, ಸುಂಕದಕಟ್ಟೆಗೆ, ಎಲ್ಲ ಬಂದಿದ್ದು ಆ ಹೊಸ್ತಿಲು ದಾಟಿ.”

“ಅವನ ಮನೇಲಿ ಊಟ ಮಾಡಿದ್ನಾ ಮಿಸ್?” ರಮ್ಯಶ್ರೀ ಪ್ರತಿ ಸಲ ಕೇಳುತ್ತಿದ್ದಳು.

“ಇದ್ದು ನಾಲ್ಕು ದಿನ ಉಂಡುಕೊಂಡೇ ಬಂದ.”

“ಏನು ಅಡುಗೆ?”

“ನಿಮ್ಮಜ್ಜಿ ಮಾಡೋ ಹಂಗೇ ಏನೋ ಮಾಡಿರ್ತಾರೆ ಕಣೇ.”

ಮೇಲೆ ಬಾಲ್ಕನಿಯಲ್ಲಿ ವೆಂಕಟಲಕ್ಷ್ಮಮ್ಮ ನಗುವುದು ಕೇಳಿಸುತ್ತಿತ್ತು.

ಕೊರೊನಾ ಬರುವುದಕ್ಕೆ ಮುಂಚಿನ ಡಿಸೆಂಬರ್. ಸಭೆಯಲ್ಲಿ ಕ್ರಿಸ್‌ಮಸ್ಸಿನ ಮಕ್ಕಳ ಕಾರ್ಯಕ್ರಮಕ್ಕೆ ಇದೇ ಕಥೆಯ ನಾಟಕ ಅಂತ ತೀರ್ಮಾನವಾಯಿತು. ಸಭೆಯ ಹುಡುಗ ಆನಂದ್‌ಗೆ ಪೇತ್ರನ ವೇಷ. ಕೊರ್ನೇಲಿಯ ಆಗಲು ಯಾರೂ ಒಪ್ಪಲಿಲ್ಲ. ಅವನಿಗೆ ಇದ್ದದ್ದೇ ಒಂದು ಮಾತು.

“ನಾನಾಗ್ತೀನಿ ಮಿಸ್,” ಅಂದಳು ರಮ್ಯಶ್ರೀ.

“ಒಂದೇ ಡೈಲಾಗ್ ಕಣೇ, ಅದನ್ನೂ ಮರೀತೀಯ,” ಎಂದು ಆನಂದ್ ಕಿಚಾಯಿಸಿದ.

“ಹೋಗೋ, ನೀನು ಬಾಗಿಲಲ್ಲಿ ನಿಂತು ಬೇಡ್ಕೊಬೇಕು. ನಾನು ಬಾ ಅಂದ್ರೇನೇ ನೀನು ಒಳಗೆ ಬರೋದು.”

ಅದು ನಿಜವೇ. ಪೇತ್ರ ಹೊಸ್ತಿಲಲ್ಲಿ ನಿಂತು ‘ಒಳಗೆ ಬರಬಹುದಾ’ ಅಂತ ಕೇಳಬೇಕು. ಕೊರ್ನೇಲಿಯ ‘ಬನ್ನಿ, ಇದು ನಿಮ್ಮದೇ ಮನೆ’ ಅನ್ನಬೇಕು. ನಾಟಕ ನಿಂತದ್ದೇ ಆ ಮಾತಿನ ಮೇಲೆ. ಹುಡುಗಿ ಅದನ್ನು ಮೆಟ್ಟಿಲ ಮೇಲೆ, ನೀರಿನ ಸಂಪಿನ ಹತ್ತಿರ, ಹಾಲಿನವನಿಗೆ, ಗ್ಯಾಸಿನವನಿಗೆ, ಎಲ್ಲರಿಗೂ ಹೇಳಿ ಅಭ್ಯಾಸ ಮಾಡಿದಳು. ಆ ತಿಂಗಳು ಅವರ ಮನೆಗೆ ಬಂದ ಯಾರಿಗೂ ಸ್ವಾಗತಕ್ಕೆ ಕಮ್ಮಿಯಾಗಲಿಲ್ಲ.

ಕಾರ್ಯಕ್ರಮದ ಸಂಜೆ ವೆಂಕಟಲಕ್ಷ್ಮಮ್ಮ ತಾವೇ ಮೊಮ್ಮಗಳನ್ನು ಕರೆದುಕೊಂಡು ಬಂದರು. ಸಮಾರಂಭಕ್ಕೆ ಹೆಣ್ಣುಮಗುವನ್ನು ಹೇಗೆ ಸಿಂಗರಿಸಬೇಕೋ ಹಾಗೆ ಸಿಂಗರಿಸಿದ್ದರು. ಸಾಹೇಬನ ಕೋಟಿನ ಮೇಲೆ ಎರಡು ಜಡೆ, ಜಡೆ ತುಂಬ ಮಲ್ಲಿಗೆ, ಹಣೆಗೆ ದುಂಡಗೆ ಕುಂಕುಮ. ಕೈಯಲ್ಲಿ ಮಕ್ಕಳಿಗೆಲ್ಲ ಅಂತ ಕಜ್ಜಾಯದ ಸ್ಟೀಲ್ ಡಬ್ಬಿ. ಡಬ್ಬಿ ಒಪ್ಪಿಸಿ, ಹಿಂದಿನ ಸಾಲಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತರು.

ವತ್ಸಲಾ ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದಳು. ಬೇರೆ ಊರಿನ ದೊಡ್ಡ ಸಭೆಯ ಹಿರಿಯರು ಬಂದಿದ್ದರು. ಬಿಳಿ ಸೀರೆಯ ಹೆಂಗಸರು, ಬರಿದಾದ ಹಣೆ, ಬರಿದಾದ ಕೊರಳು. ಅವರ ಕಡೆ ಹೂವು ಕುಂಕುಮ ಬಿಡುವುದೇ ವಿಶ್ವಾಸದ ಗುರುತು. ಅವರು ಯಾರೂ ಏನೂ ಅಂದಿರಲಿಲ್ಲ. ಹುಡುಗಿಯನ್ನು ಅವರು ಇನ್ನೂ ನೋಡಿಯೇ ಇರಲಿಲ್ಲ. ಆದರೂ ವತ್ಸಲಾ ಹುಡುಗಿಯ ಹಣೆಯತ್ತ ತಿರುಗಿದಳು. ಇಷ್ಟು ವರ್ಷ ಪಾಠ ಹೇಳಿ ಇವಳು ಮಕ್ಕಳಿಗೆ ಕಲಿಸಿದ್ದು ಇದೇನಾ ಅಂದುಬಿಟ್ಟರೆ? ತಾತನ ಕಾಲದಿಂದ ಸಂಪಾದಿಸಿದ ಒಂದು ಚಾಪೆ, ಅದರ ಮೇಲಿಂದ ಎಬ್ಬಿಸಿಬಿಟ್ಟರೆ?

ಅವಳು ಸೆರಗಿನ ತುದಿಯನ್ನು ಕುಡಿಯುವ ನೀರಿನಲ್ಲಿ ಅದ್ದಿದಳು.

“ಬಾ ಇಲ್ಲಿ ಪುಟ್ಟಿ, ಸ್ವಲ್ಪ ಹೊತ್ತಿಗೆ ಅಷ್ಟೇ.”

ಒರೆಸಿದಳು. ಕುಂಕುಮ ಒಂದೇ ಸಲಕ್ಕೆ ಹೋಗಲಿಲ್ಲ, ಹಣೆಯ ತುಂಬ ಹರಡಿತು. ಮತ್ತೆ ಒರೆಸಿದಳು. ಹೂವು ತೆಗೆದು ಕಿಟಕಿಯ ಮೇಲಿಟ್ಟಳು. ಹುಡುಗಿ ಅಳಲಿಲ್ಲ, ಕೈ ತಳ್ಳಲೂ ಇಲ್ಲ. ಫ್ಯಾಕ್ಟರಿಯಲ್ಲಿ ಅಂಗಿ ಎತ್ತಿ ಹಿಡಿದಂತೆ ತನ್ನ ಗದ್ದ ಎತ್ತಿ ಹಿಡಿದಿದ್ದ ಮಿಸ್ಸಿನ ಮುಖವನ್ನೇ ನೋಡುತ್ತಿದ್ದಳು.

ನಾಟಕ ಚೆನ್ನಾಗಿಯೇ ನಡೆಯಿತು. ದುಪ್ಪಟಿ ಇಳಿಯಿತು, ಜನ ನಕ್ಕರು, ಹಿರಿಯರೂ ನಕ್ಕರು. ಪೇತ್ರ ಬಂದು ಹೊಸ್ತಿಲಲ್ಲಿ ನಿಂತ.

“ಒಳಗೆ ಬರಬಹುದಾ?”

ಕೊರ್ನೇಲಿಯ ಮಾತಾಡಲಿಲ್ಲ.

“ಒಳಗೆ ಬರಬಹುದಾ?” ಆನಂದ್ ಇನ್ನೊಂದು ಸಲ ಕೇಳಿದ. ಆಮೇಲೆ ಮೆಲ್ಲಗೆ, “ಹೇಳೇ, ಬಾ ಅನ್ನೇ.”

ಹುಡುಗಿ ಪರದೆಯ ಪಕ್ಕ ನಿಂತಿದ್ದ ವತ್ಸಲಾಳ ಕಡೆ ತಿರುಗಿದಳು. ಹಣೆಯ ಮೇಲೆ ಒರೆಸಿದ ಕೆಂಪು ಇನ್ನೂ ತೆಳ್ಳಗೆ ಉಳಿದಿತ್ತು. ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಸುಮ್ಮನೆ ನಿಂತಳು. ಮಾತು ಮರೆತಳು ಪಾಪ ಅಂತ ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪೇತ್ರ ಕರೆಯದೆಯೇ ಒಳಗೆ ಬಂದ. ಪರದೆ ಬಿತ್ತು.

ಹಿಂದಿನ ಸಾಲಿನಿಂದ ಬಂದ ವೆಂಕಟಲಕ್ಷ್ಮಮ್ಮ ಮೊಮ್ಮಗಳ ಹಣೆ ನೋಡಿದರು. ಕಿಟಕಿಯ ಮೇಲಿದ್ದ ಮಲ್ಲಿಗೆ ಎತ್ತಿಕೊಂಡರು. ಎಲ್ಲರೆದುರಿಗೆ ಏನೂ ಅನ್ನಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮಾತ್ರ ಕೇಳಿದರು, ಜೋರಾಗಿಯೂ ಅಲ್ಲ.

“ಕಥೆ ಪ್ರಕಾರ ಆ ಸಾಹೇಬ ಬೇರೆ ಜನ ತಾನೆ ವತ್ಸಲಮ್ಮ? ಅವನು ಹೆಂಗಿದ್ನೋ ಹಂಗೇ ಇದ್ದ, ಪೇತ್ರಾನೇ ತಾನೆ ಒಳಗೆ ಹೋಗಿದ್ದು? ನಾನು ಮೇಲಿಂದ ಕೇಳಿಸ್ಕೊಂಡಿದ್ದು ಹಂಗೇ ಇತ್ತು.”

 

ಮುಂದಿನ ಭಾನುವಾರ ರಮ್ಯಶ್ರೀ ಚಾಪೆಗೆ ಬರಲಿಲ್ಲ. ಹೋಮ್‌ವರ್ಕ್ ಅಂದರು. ಅದರ ಮುಂದಿನ ವಾರ ಜ್ವರ ಅಂದರು. ಮೆಟ್ಟಿಲ ಮೇಲೆ ಎದುರಾದಾಗ ಹುಡುಗಿ “ಜರುಗಿ ಆಂಟಿ” ಅಂದು ಇಳಿದು ಹೋದಳು. ಅಲ್ಲಿಯ ತನಕ ಮಿಸ್ ಆಗಿದ್ದವಳು ಆ ಮೆಟ್ಟಿಲ ಮೇಲೆ ಆಂಟಿಯಾದಳು.

ಸಂಕ್ರಾಂತಿ ಬರಲಿ, ಎಂದುಕೊಂಡಳು ವತ್ಸಲಾ. ಸಂಕ್ರಾಂತಿಗೆ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬು, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆಮನೆಗೆ ಬೀರುವುದು ನಮ್ಮ ಕಡೆಯ ರೂಢಿ. ರಮ್ಯಶ್ರೀ ಪ್ರತಿ ವರ್ಷ ಮೊದಲು ತಟ್ಟುತ್ತಿದ್ದದ್ದು ಕೆಳಗಿನ ಬಾಗಿಲನ್ನೇ. ಈ ಸಲ ಅವಳ ಎದುರಿಗೇ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಎಡೆ ಇಟ್ಟದ್ದಾದರೂ ಸರಿ, ಅಮ್ಮನ ಕಟ್ಟು ಅಮ್ಮನ ಜೊತೆ ಹೋಗಲಿ. ಹೀಗೆಂದುಕೊಂಡು ಬೆಳಗಿನಿಂದ ಬಾಗಿಲು ತೆರೆದಿಟ್ಟು, ಅಡುಗೆಮನೆ ಕೆಲಸವನ್ನೂ ಮುಂದಿನ ಕೋಣೆಗೆ ತಂದುಕೊಂಡು ಕೂತಳು.

ಸಂಜೆ ಗೆಜ್ಜೆ ಸದ್ದು ಮೆಟ್ಟಿಲು ಇಳಿಯಿತು. ವತ್ಸಲಾ ಎದ್ದು ಕೈ ಒರೆಸಿಕೊಂಡಳು. ಹಸಿರು ರೇಷ್ಮೆ ಲಂಗ, ಹಣೆಯಲ್ಲಿ ದೊಡ್ಡ ಕುಂಕುಮ, ತಟ್ಟೆಯ ಮೇಲೆ ಕ್ರೋಷಾ ಮುಚ್ಚಿಗೆ. ಹುಡುಗಿ ಶೆಡ್ಡಿನ ಮುಂದೆ ಹಾದು, ತೆರೆದ ಬಾಗಿಲಿನ ಮುಂದೆ ಹಾದು, ಗೇಟು ದಾಟಿ ಎದುರುಮನೆಗೆ ಹೋದಳು. ಆಮೇಲೆ ಅದರ ಪಕ್ಕದ ಮನೆಗೆ. ಬೀದಿಯ ಕೊನೆಯ ತನಕ ಹೋಗಿ, ಖಾಲಿ ತಟ್ಟೆ ತೂಗಾಡಿಸಿಕೊಂಡು ಬಂದು ಮೇಲೆ ಹತ್ತಿದಳು.

ವತ್ಸಲಾ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಮೆಟ್ಟಿಲು ಹತ್ತಿದಳು. ಬಾಡಿಗೆ ಕೊಡಲು ಬಂದಾಗಲೆಲ್ಲ ನಿಲ್ಲುತ್ತಿದ್ದ ಹೊಸ್ತಿಲಿನ ಹತ್ತಿರ ನಿಂತಳು.

“ಬನ್ನಿ ವತ್ಸಲಮ್ಮ, ಕೂತ್ಕೊಳಿ,” ಅಂದರು ವೆಂಕಟಲಕ್ಷ್ಮಮ್ಮ.

“ನನಗೂ ಎಳ್ಳು ಕೊಡಿ ಅಮ್ಮ. ಕೇಳ್ಕೊಂಡು ಹೋಗೋಣ ಅಂತ ಬಂದೆ.”

ವೆಂಕಟಲಕ್ಷ್ಮಮ್ಮ ಕೂತ ಕಡೆಯಿಂದ ಎದ್ದರು. “ನೀವು ತಿನ್ನಲ್ಲ ಅಂತ ನನಗೆ ಮೊದಲಿಂದ ಗೊತ್ತು. ಮುನಿತಾಯಮ್ಮ ನನ್ನ ಕಡುಬನ್ನ ಹೊಗಳಿದಷ್ಟು ನನ್ನ ಸೊಸೇನೂ ಹೊಗಳಿಲ್ಲ. ಆದ್ರೂ ಕಳಿಸ್ತಿದ್ದೆ. ತಿನ್ನೋದು ಬಿಡೋದು ನಿಮ್ಮ ಮಡಿ, ಕೊಡೋದು ನನ್ನದು ಅಂತ. ಈ ವರ್ಷ ಮಗೂನೇ ಅಂತು. ಅವರಿಗೆ ಬೇಡ ಅಜ್ಜಿ, ಅವರಿಗೆ ನಮ್ಮದು ಏನೂ ಆಗಲ್ಲ, ಅಂತು. ನಾನೇನು ಹೇಳಲಿ?”

ಒಳಗಿನಿಂದ ಡಬ್ಬಿ ತಂದು, ತಳದಲ್ಲಿ ಉಳಿದಿದ್ದ ಎಳ್ಳುಬೆಲ್ಲವನ್ನು ವತ್ಸಲಾಳ ಅಂಗೈಗೆ ಸುರಿದರು. ಅವಳು ನಿಂತ ಕಡೆಯೇ ಬಾಯಿಗೆ ಹಾಕಿಕೊಂಡಳು. ಕೊಬ್ಬರಿ, ಹುರಿಗಡಲೆ, ಬೆಲ್ಲದ ಚೂರು. ಇಷ್ಟು ವರ್ಷ ಕೈಯಲ್ಲಿ ಹಿಡಿದು, ಬಾಗಿಲು ಹಾಕಿ, ಎತ್ತಿಟ್ಟದ್ದು ಇದನ್ನು.

“ನಂದು ತಪ್ಪಾಯ್ತು ಅಮ್ಮ. ಅವಳನ್ನ ಒಂದ್ಸಲ ಕರೀರಿ.”

“ರಮ್ಯಾ, ಮಿಸ್ ಬಂದವ್ರೆ ಕಣೇ.”

ಒಳಕೋಣೆಯಲ್ಲಿ ಟಿ.ವಿ. ದನಿ ಏರಿತು. ಬಾಗಿಲು ತೆರೆಯಲಿಲ್ಲ.

“ನನಗೆ ಕೋಪ ಇಲ್ಲ ವತ್ಸಲಮ್ಮ,” ಅಂದರು ವೆಂಕಟಲಕ್ಷ್ಮಮ್ಮ. “ಆದ್ರೆ ನನ್ನದೇನಿದೆ ಇದರಲ್ಲಿ? ಹಣೆ ಅವಳದು.”

ಆಮೇಲೆ ಕೊರೊನಾ ಬಂತು. ಚಾಪೆ ಸುತ್ತಿಕೊಂಡು ಮೂಲೆಗೆ ನಿಂತಿತು. ಎರಡನೇ ಅಲೆಯಲ್ಲಿ ವೆಂಕಟಲಕ್ಷ್ಮಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ಗಾಡಿ ಅವರನ್ನು ಮನೆಗೆ ವಾಪಸು ತರಲಿಲ್ಲ. ತಿಥಿಯೂ ನಾಲ್ಕು ಜನರಲ್ಲಿ ಮುಗಿಯಿತು. ಅವರಿದ್ದಾಗ ಮಾಡುತ್ತಿದ್ದ ಕಡುಬು ಹೇಗಿರುತ್ತಿತ್ತು ಅಂತ ವತ್ಸಲಾ ಒಂದು ದಿನ ಮುನಿತಾಯಮ್ಮನನ್ನು ಕೇಳಿದಳು. “ಏನು ಹೇಳ್ಲಿ ಮಿಸ್ಸು, ತಿಂದಿದ್ರೆ ಗೊತ್ತಾಗೋದು,” ಅಂದಳು ಅವಳು, ಪೊರಕೆ ಕುಟ್ಟುತ್ತ. ಅವಳಿಗೆ ಅದರಲ್ಲಿ ಏನೂ ಒಳಮಾತಿರಲಿಲ್ಲ.

ಫ್ಯಾಕ್ಟರಿಯ ಕೆಲಸ ಮುಗಿದು ವತ್ಸಲಾಳಿಗೆ ಈಗ ಮಂಡಿ ನೋವು. ಆದರೆ ಭಾನುವಾರದ ಚಾಪೆ ಮತ್ತೆ ಬಿಚ್ಚಿಕೊಂಡಿದೆ, ಹೊಸ ಮಕ್ಕಳು ಬಂದಿದ್ದಾರೆ. ದುಪ್ಪಟಿಯನ್ನು ಈಗ ಶೆಡ್ಡಿನ ಕೊಕ್ಕೆಗೆ ಸಿಕ್ಕಿಸುತ್ತಾಳೆ. ಅದು ಇಳಿಯುವುದಿಲ್ಲ, ಸುಮ್ಮನೆ ನೇತಾಡುತ್ತದೆ. ಹಂದಿಯ ಗುಲಾಬಿ ಮಾಸಿದೆ. ರಮ್ಯಶ್ರೀ ಈಗ ವಿಜಯನಗರದ ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುತ್ತಾಳೆ, ಭಾನುವಾರ ಮಧ್ಯಾಹ್ನ ಟ್ಯೂಷನ್ನಿಗೆ. ಎದುರಾದರೆ ನಗುತ್ತಾಳೆ, ಮರ್ಯಾದೆಗೆ ಕಮ್ಮಿ ಇಲ್ಲ.

ಕಳೆದ ತಿಂಗಳು ಒಂದು ಭಾನುವಾರ ವತ್ಸಲಾ ಅದೇ ಕಥೆಗೆ ಬಂದಳು. ಪೇತ್ರ ಹೊಸ್ತಿಲು ದಾಟಿದ, ಉಂಡ. ಮಕ್ಕಳು ಎದ್ದೇಳಲು ಚಪ್ಪಲಿ ಹುಡುಕತೊಡಗಿದರು.

“ಇನ್ನೂ ಮುಗಿದಿಲ್ಲ, ಕೂತ್ಕೊಳಿ,” ಅಂದಳು.

ಇಷ್ಟು ವರ್ಷ ಹೇಳದೆ ಬಿಟ್ಟಿದ್ದ ಭಾಗ ಅದು. ಮಕ್ಕಳಿಗೆ ಯಾಕೆ ಅಂತ ಹಾರಿಸಿಬಿಡುತ್ತಿದ್ದಳು.

“ಸ್ವಲ್ಪ ವರ್ಷ ಆದ್ಮೇಲೆ ಪೇತ್ರ ಅಂತಿಯೋಕ್ಯ ಅನ್ನೋ ಊರಿಗೆ ಹೋದ. ಅಲ್ಲಿ ಹೊರಗಿನ ಜನ ತುಂಬ ಜನ ಸಭೆಗೆ ಸೇರಿದ್ರು. ಇವನು ಅವರ ಜೊತೇಲೇ ದಿನಾ ಕೂತು ಉಣ್ಣೋನು. ಒಂದಿನ ಅವನ ಕಡೆಯೋರು, ಮಡಿ ಇದ್ದೋರು, ದೊಡ್ಡ ಊರಿಂದ ಬಂದ್ರು. ಅವರು ಏನೂ ಅನ್ನಲೂ ಇಲ್ಲ. ಆದ್ರೂ ಇವನಿಗೆ ಭಯ ಆಯ್ತು. ಪಂಕ್ತಿಯಿಂದ ಎದ್ದುಬಿಟ್ಟ.”

ಮೆಟ್ಟಿಲ ಕೆಳಗೆ ರಮ್ಯಶ್ರೀ ಹೆಲ್ಮೆಟ್ ಹಿಡಿದು ನಿಂತಿದ್ದಳು. ಮಕ್ಕಳ ಚಪ್ಪಲಿ ಅವಳ ಸ್ಕೂಟಿಯ ಸುತ್ತ ಬಿದ್ದಿದ್ದವು. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ವತ್ಸಲಾಳಿಗೆ ತಿಳಿಯಲಿಲ್ಲ.

“ಎದ್ದು ಎಲ್ಲಿಗೆ ಹೋದ?” ಮುಂದಿನ ಸಾಲಿನ ಚೇತನಾ ಎಂಬ ಪುಟ್ಟ ಹುಡುಗಿ ಕೇಳಿದಳು.

“ತನ್ನೋರ ಜೊತೆ ಹೋಗಿ ಕೂತ. ಪೌಲ ಅಂತ ಇನ್ನೊಬ್ಬ ಶಿಷ್ಯ, ಹೊರಗಿನ ಜನಕ್ಕೆಲ್ಲ ಊರೂರು ಅಲೆದು ಸುದ್ದಿ ಮುಟ್ಟಿಸಿದೋನು, ಎಲ್ಲರ ಎದುರಿಗೇ ಬೈದ. ನೀನು ಮಾಡಿದ್ದು ತಪ್ಪು ಅಂದ.”

“ಆಮೇಲೆ ಅವನು ವಾಪಸ್ ಬಂದು ಕೂತನಾ? ಪಂಕ್ತೀಲಿ ಇದ್ದೋರು ಸೇರಿಸ್ಕೊಂಡ್ರಾ?”

“ಅದು ಎಲ್ಲೂ ಬರೆದಿಲ್ಲ ಕಣೇ.”

“ಸೇರಿಸ್ಕೊಂಡಿರ್ತಾರೆ ಅಲ್ವಾ ಮಿಸ್?”

ವತ್ಸಲಾ ಮೆಟ್ಟಿಲ ಕಡೆ ನೋಡಿದಳು. ರಮ್ಯಶ್ರೀಯ ಹಣೆಯಲ್ಲಿ ಚಿಕ್ಕದೊಂದು ಕರೀ ಸ್ಟಿಕ್ಕರ್ ಬೊಟ್ಟು ಇತ್ತು. ಅವಳೂ ಉತ್ತರಕ್ಕೆ ಕಾಯುತ್ತಿರುವ ಹಾಗೆ ಕಂಡಿತು, ಅಥವಾ ಟ್ಯೂಷನ್ನಿಗೆ ತಡವಾಗಿತ್ತು.

“ಗೊತ್ತಿಲ್ಲ,” ಅಂದಳು ವತ್ಸಲಾ. “ಅದು ಅವರಿಗೆ ಬಿಟ್ಟಿದ್ದು. ಕೇಳೋ ಹಕ್ಕು ಪೇತ್ರನಿಗೆ ಇರಲಿಲ್ಲ.”

ರಮ್ಯಶ್ರೀ ಬಗ್ಗಿ ಮಕ್ಕಳ ಚಪ್ಪಲಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಜೋಡಿಸಿದಳು. ಸ್ಕೂಟಿ ಹೊರಗೆ ತೆಗೆದಳು. ನೇತಾಡುತ್ತಿದ್ದ ದುಪ್ಪಟಿಯ ಒಂದು ಮೂಲೆ ಅವಳ ಭುಜಕ್ಕೆ ತಾಗಿತು. ಏಡಿಯ ಒಂದು ಕಾಲು ಕಳಚಿ ಜೋತಾಡುತ್ತಿದ್ದದ್ದನ್ನು ಕಂಡು, ಬೆರಳಿನಿಂದ ಒಳಕ್ಕೆ ತುರುಕಿ ಸರಿ ಮಾಡಿದಳು.

“ಬರ್ತೀನಿ ಆಂಟಿ.”

“ಹೋಗ್ಬಿಟ್ಟು ಬಾಮ್ಮ.”

ವತ್ಸಲಾ ಮಂಡಿ ಹಿಡಿದುಕೊಂಡು ಎದ್ದಳು. ಸ್ಕೂಟಿ ಹಿಟ್ಟಿನ ಗಿರಣಿ ದಾಟಿ ಮಾಗಡಿ ರಸ್ತೆಯ ಕಡೆ ತಿರುಗುವ ತನಕ ಗೇಟು ಹಿಡಿದು ನಿಂತಿದ್ದಳು. ಆಮೇಲೆ ಅದನ್ನು ಹಾಕಲು ಹೋಗಿ, ಹಾಕದೆ, ಹಾಗೇ ತೆರೆದಿಟ್ಟು ಚಾಪೆಗೆ ಹಿಂತಿರುಗಿದಳು.